ಆ ರವಿವಾರದ ಎಣ್ಣೆ

ಮಗಳ ಎಡಗಾಲಿನ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಐದು ವಾಕ್ಯಗಳ ಒಂದು ಕಥೆ ಇದೆ. ದಿನ ತುಂಬುವ ಮೊದಲೇ ಹುಟ್ಟಿದಳು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಆಕ್ಸಿಜನ್ ತುಂಬಿದ ಕೊಳವೆಯಲ್ಲಿ ಮಲಗಿಸಿ ಚಿಕಿತ್ಸೆ ಕೊಡಿಸಿದೆವು. ನಡುವೆ ನಮ್ಮವ್ವ ತಿಳಿಯದೆ ಎಣ್ಣೆ ಹಚ್ಚಿದ್ದರಿಂದ ಎರಡು ದಿನ ತಪ್ಪಿಹೋಯಿತು. ಬೆರಳು ಉಳಿಯಲಿಲ್ಲ.

ಐದು ವರ್ಷದಿಂದ ಇದನ್ನು ಹೇಳುತ್ತ ಬಂದಿದ್ದೇನೆ. ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ, ಬಾಲವಾಡಿಯ ಬಾಗಿಲಲ್ಲಿ. ಹೇಳಿ ಹೇಳಿ ಎಷ್ಟು ನುಣುಪಾಗಿದೆಯೆಂದರೆ ಕೈ ಆಡಿಸಿದರೆ ಎಲ್ಲೂ ತೊಡರುವುದಿಲ್ಲ. ನಾಲ್ಕನೆಯ ವಾಕ್ಯ ಸುಳ್ಳು.

ಇದನ್ನು ಬರೆಯಲು ಕೂತದ್ದು ಇದು ಮೂರನೆಯ ಸಲ. ಮೊದಲ ಸಲ ಬರೆದಾಗ ಆಸ್ಪತ್ರೆಯ ಕಿಟಕಿಯಾಚೆ ಒಂದು ಗುಲ್‌ಮೊಹರ್ ಮರ ಹೂ ಬಿಟ್ಟು ನಿಂತಿತ್ತು. ಮಗಳು ಹುಟ್ಟಿದ್ದು ನವೆಂಬರಿನಲ್ಲಿ. ಆಗ ಗುಲ್‌ಮೊಹರ್ ಹೂ ಬಿಡುವುದಿಲ್ಲ. ಅಲ್ಲಿ ಮರವೇ ಇತ್ತೋ ಇಲ್ಲವೋ. ಎರಡನೆಯ ಸಲ ಕೂಸಿನ ಕಾಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು ಎಂದು ಬರೆದೆ. ಓದಲು ಚೆನ್ನಾಗಿತ್ತು. ಹೊಡೆದುಹಾಕಿದೆ. ಹಣ್ಣಿಗೆ ಹೋಲಿಸುವ ಬಣ್ಣವಲ್ಲ ಅದು. ಈ ಸಲ ಹೋಲಿಕೆಗಳನ್ನು ಆದಷ್ಟು ದೂರ ಇಡುತ್ತೇನೆ.

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಆರು ವಾರ ಮೊದಲೇ ಹೆರಿಗೆಯಾಯಿತು. ಕೂಸಿಗೆ ಉಸಿರಾಟ ಕಷ್ಟವಾಗಿ, ಹೊಕ್ಕುಳದ ನಾಳದೊಳಗೆ ಒಂದು ತೆಳು ನಳಿಕೆ ಹಾಕಿದ್ದರು. ಅದರ ಮೂಲಕವೇ ರಕ್ತ ತೆಗೆದು ನೋಡುವುದು, ಒತ್ತಡ ಅಳೆಯುವುದು. ಮೂರನೆಯ ದಿನ ನರ್ಸೊಬ್ಬಳು ಹೊದಿಕೆ ಸರಿಸಿ ಎಡ ಪಾದವನ್ನು ನೋಡಿ, ಡಾಕ್ಟರರನ್ನು ಕರೆಯಲು ಹೋದಳು. ನಳಿಕೆಯ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕೆಳಗಿಳಿದು ಕಾಲಿನ ನಾಳ ಮುಚ್ಚಿತ್ತು. ಹಾಗೆ ಆಗುವುದುಂಟಂತೆ. ಯಾರ ತಪ್ಪೂ ಅಲ್ಲ. ಆ ನಳಿಕೆ ಇಲ್ಲದಿದ್ದರೆ ಕಾಲಿನ ಮಾತು ಹಾಗಿರಲಿ, ಕೂಸೇ ಇರುತ್ತಿರಲಿಲ್ಲ.

ನಳಿಕೆ ತೆಗೆದರು. ರಕ್ತ ತೆಳುವಾಗುವ ಔಷಧಿ ಕೊಟ್ಟರು. ಮೊಣಕಾಲು ಬೆಚ್ಚಗಾಯಿತು, ಮೀನಖಂಡ ಬೆಚ್ಚಗಾಯಿತು, ಹಿಮ್ಮಡಿಯೂ. ಪಾದದ ಮುಂಭಾಗ ಮಾತ್ರ ತಣ್ಣಗೆ ಉಳಿಯಿತು. ನನ್ನ ಹೆಬ್ಬೆರಳಿನಷ್ಟು ಜಾಗ. ಅದರಲ್ಲಿ ಐದು ಬೆರಳು.

ಮೂರು ವಾರದ ಮೇಲೆ ಕೂಸು ಹಾಲು ಕುಡಿಯಲು ಕಲಿಯಿತು, ತೂಕ ಏರಿತು, ಮನೆಗೆ ಕಳಿಸುವ ಮಾತು ಬಂತು. ಆಗ ಡಾಕ್ಟರು ನನ್ನನ್ನೂ ಗಂಡನನ್ನೂ ಕೂರಿಸಿಕೊಂಡರು. ಆಕೆ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಮಾತಾಡುವಾಗ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದರು.

"ಹೈಪರ್‌ಬ್ಯಾರಿಕ್ ಆಕ್ಸಿಜನ್ ಅಂತ ಒಂದು ಚಿಕಿತ್ಸಾ ಐತಿ" ಎಂದರು. "ಸಕ್ಕರಿ ಬ್ಯಾನಿಯವರ ಕಾಲಿನ ಗಾಯಕ್ಕ ಕೊಡತಾರ. ಇದಽ ಊರಾಗ ಐತಿ. ಖರೇ ಹೇಳಬೇಕಂದ್ರ, ಇಷ್ಟು ಸಣ್ಣ ಕೂಸಿಗೆ ಮಾಡಿದವರು ಭಾಳ ಕಡಿಮಿ. ಆಗತೈತಿ ಅಂತ ನಾ ಹೇಳೂದಿಲ್ಲ. ಆಗೂದಿಲ್ಲ ಅಂತ ಹೇಳಾಕೂ ನನ್ನ ಕಡೆ ಆಧಾರ ಇಲ್ಲ."

"ಬೆರಳು ಉಳಿತಾವೇನ್ರಿ?" ಎಂದು ಗಂಡ ಕೇಳಿದ.

"ಅದನ್ನಽ ಹೇಳಾಕ ಆಗವಲ್ದು ನೋಡ್ರಿ."

ಆಕೆ ವಿವರಿಸಿದ್ದು ನನಗೆ ಅರ್ಥವಾದಷ್ಟು ಹೀಗೆ. ಮುಚ್ಚಿದ ಕೊಳವೆಯೊಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿ, ಬರೀ ಆಕ್ಸಿಜನ್ ಉಸಿರಾಡಿಸುತ್ತಾರೆ. ಆಗ ಅದು ರಕ್ತದ ಕೆಂಪು ಕಣಗಳಲ್ಲಷ್ಟೇ ಅಲ್ಲ, ರಕ್ತದ ನೀರಿನಲ್ಲೂ ಕರಗುತ್ತದೆ. ದೊಡ್ಡ ನಾಳ ಮುಚ್ಚಿದ್ದರೂ ಸಣ್ಣಪುಟ್ಟ ಸಂದಿಯಿಂದ ಮಾಂಸಕ್ಕೆ ಅಷ್ಟಿಷ್ಟು ತಲುಪುತ್ತದೆ. ಮುಚ್ಚಿದ ನಾಳವನ್ನು ಅದು ತೆರೆಯುವುದಿಲ್ಲ. ಮೈ ತಾನಾಗಿ ಹೊಸ ದಾರಿ ಮಾಡಿಕೊಳ್ಳುವವರೆಗೆ ಆ ಭಾಗ ಸಾಯದ ಹಾಗೆ ಹಿಡಿದಿಡಬಹುದು. ಇಡದೆಯೂ ಇರಬಹುದು. ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿಗೆ ಹೆಚ್ಚು ಆಕ್ಸಿಜನ್ ಅಪಾಯ. ಅದಕ್ಕೆ ಕಣ್ಣಿನ ಡಾಕ್ಟರು ಮೊದಲು ನೋಡಬೇಕು, ನಡುವೆ ಮತ್ತೆ ನೋಡಬೇಕು. ದಿನಕ್ಕೊಂದು ಸಲ, ಬಿಡದೆ ಹತ್ತು ಸಲ, ಆಮೇಲೆ ನೋಡೋಣ.

"ಬಿಡದೆ" ಎನ್ನುವ ಮಾತನ್ನು ಆಕೆ ಹೇಳಿದರೇ, ನಾನು ಆಮೇಲೆ ಸೇರಿಸಿದೆನೇ? ಕೊಳವೆ ಇದ್ದ ಕೇಂದ್ರಕ್ಕೆ ರವಿವಾರ ರಜೆ ಇರುತ್ತಿತ್ತು. ಅಂದರೆ ಬಿಡುವು ಇದ್ದೇ ಇತ್ತು. ಆದರೂ ಆ ಮಾತು ಆಕೆಯ ದನಿಯಲ್ಲೇ ಕೇಳುತ್ತದೆ.

ಕೊಳವೆ ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದು. ಒಬ್ಬರು ಮಲಗುವಷ್ಟು, ಗಾಜಿನಂತೆ ಪಾರದರ್ಶಕ. ಕೂಸನ್ನು ಎದೆಯ ಮೇಲೆ ಹಾಕಿಕೊಂಡು ನಾನೂ ಒಳಗೆ ಹೋಗಬೇಕು. ಒತ್ತಡ ಏರುವಾಗ ಕಿವಿ ಹಿಡಿಯುತ್ತದೆ, ದೊಡ್ಡವರಾದರೆ ಉಗುಳು ನುಂಗಿ ಬಿಡಿಸಿಕೊಳ್ಳುತ್ತಾರೆ. ಕೂಸು ಹಾಲು ಕುಡಿಯುತ್ತ ನುಂಗುತ್ತಿರಬೇಕು.

ಅದನ್ನು ನಡೆಸುತ್ತಿದ್ದವನು ಐವತ್ತು ದಾಟಿದ ಒಬ್ಬ ಮನುಷ್ಯ. ಕನ್ನಡ ಮಾತಾಡುತ್ತಲೇ ತನ್ನ ಮನೆಯ ದಖನಿ ಉರ್ದುವಿಗೆ ಜಾರುತ್ತಿದ್ದ. ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿ ಅವನು ತನ್ನ ಕಾಯಿದೆ ಹೇಳಿದ.

"ಅಕ್ಕಾರ, ಒಳಗ ಹತ್ತಿ ಅರಿವಿ ಬಿಟ್ರ ಬ್ಯಾರೆ ಏನೂ ನಡಿಯೂದಿಲ್ಲ. ರೇಷ್ಮಿ, ಪಾಲಿಸ್ಟರ್, ಉಣ್ಣಿ, ಎಲ್ಲಾ ಹೊರಗ. ಬಳಿ, ಉಂಗುರ, ಪಿನ್ನು ಹೊರಗ. ಪೌಡರ್ ಬ್ಯಾಡ, ಕಾಡಿಗಿ ಬ್ಯಾಡ. ಎಣ್ಣಿ ಮಾತ್ರ ಹನಿ ಸೈತ ಬ್ಯಾಡ. ನಿಮ್ಮ ತಲಿಗೂ ಬ್ಯಾಡ, ಕೂಸಿನ ಮೈಗೂ ಬ್ಯಾಡ. ಅಷ್ಟು ಆಕ್ಸಿಜನ್‌ದಾಗ ಎಣ್ಣಿ ಅಂದ್ರ ಒಳಗ ಒಲಿ ಇಟ್ಕೊಂಡು ಮಕ್ಕೊಂಡಂಗ."

ಖಾನಾಪುರದಿಂದ ಬಾಣಂತನ ಮಾಡಲು ಬಂದಿದ್ದ ನಮ್ಮವ್ವ ಬಾಜೂಕ ನಿಂತಿದ್ದಳು. "ಅಗ ಬಾಯೀ!" ಎಂದಳು. "ಹಸಿ ಬಾಣಂತಿಗೆ ಎಣ್ಣಿ ಬ್ಯಾಡಂದ್ರ ಹೆಂಗ್ರಿ ಸಾಹೇಬರ?"

"ಹತ್ತ ದಿನ ಅಮ್ಮಾ. ಆಮ್ಯಾಲೆ ಬೇಕಾದ್ರ ಎಣ್ಣ್ಯಾಗ ಕುಂದ್ರಸ್ರಿ."

ಅವನು ಬಾಯಿ ಮಾತನ್ನು ನಂಬುತ್ತಿರಲಿಲ್ಲ. ಮೇಜಿನ ಮೇಲೆ ತೆಳು ಬಿಳಿ ಕಾಗದದ ಚೂರುಗಳನ್ನು ಇಟ್ಟುಕೊಂಡಿದ್ದ. ಒಳಗೆ ಹೋಗುವ ಪ್ರತಿಯೊಬ್ಬರ ಹಣೆ, ಕುತ್ತಿಗೆ, ಅಂಗೈಗೆ ಒಂದೊಂದು ಚೂರು ಒತ್ತಿ ಬೆಳಕಿಗೆ ಹಿಡಿದು ನೋಡುವನು. ಕಾಗದ ಎಣ್ಣೆ ಕುಡಿದರೆ ಆಚೆ ಕಡೆ ಕಾಣುತ್ತದಲ್ಲ, ಹಾಗೆ. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲವಂತೆ. ಅವನ ತಂದೆಗೆ ಭಜಿಯ ಅಂಗಡಿ ಇತ್ತು, ಕಾಗದದ ಮೇಲೆ ಎಣ್ಣೆ ಹೇಗೆ ಹರಡುತ್ತದೆ ಎನ್ನುವುದು ತನಗೆ ಹುಟ್ಟಿದಾಗಿಂದ ಗೊತ್ತು ಎಂದು ಹೇಳಿದ. ಕೂಸಿನ ತೋಳಿಗೆ ಬಟ್ಟೆಯಲ್ಲಿ ಕಟ್ಟಿದ್ದ ಲಿಂಗವನ್ನೂ ಬಿಚ್ಚಿಸಿದ. ಲಿಂಗದ ಮೇಲೆ ಬಳಿದ ಕರಿ ಕಂತಿಯ ಲೇಪದಲ್ಲಿ ಎಣ್ಣೆಯ ಅಂಶ ಇರುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ. ಅವ್ವ ಅದನ್ನು ಬಿಚ್ಚಿ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ನಾವು ಹೊರಗೆ ಬರುವವರೆಗೂ ಮುಷ್ಟಿ ಬಿಡಲಿಲ್ಲ.

ಹತ್ತಿಯ ಬಟ್ಟೆ ಎಂದಾಗ ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆಯಿತು. ಬೆಳಗಾವಿಯ ವಡಗಾವಿ ಬಡಾವಣೆಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗ ಇವೆ. ಹಗಲೆಲ್ಲ ಅವುಗಳ ಸದ್ದು. ಪಕ್ಕದ ಮನೆಯಲ್ಲೂ ಅದೇ, ಓಣಿಯಲ್ಲೆಲ್ಲ ಅದೇ. ನೇಯುವುದು ಮಾತ್ರ ಮಿಂಚುವ ಸೀರೆ, ನೂಲು ಸೂರತ್ತಿನದು. ಅತ್ತೆ ಕಪಾಟು, ಟ್ರಂಕು ಎಲ್ಲ ಕೆದರಿ ಕೊನೆಗೆ ನೆಲದ ಮೇಲೆ ಕೂತರು.

"ನಾಕು ಮಗ್ಗ ಅದಾವ ಮನ್ಯಾಗ" ಎಂದರು. "ಕೂಸಿಗೆ ಸುತ್ತಾಕ ಒಂದು ಗೇಣು ಹತ್ತಿ ಅರಿವಿ ಇಲ್ಲ. ಎಂಥಾ ನೇಕಾರರೋ ನಾವು!"

ಗಂಡ ‘ರವಿವಾರ ಪೇಟೆ’ ಎನ್ನುವ ಬಜಾರಿಗೆ ಹೋದ. ಅಲ್ಲಿಯದು ಸಗಟು ವ್ಯಾಪಾರ. ಎರಡು ಮೀಟರ್ ತೆಳು ಹತ್ತಿಯ ಮಲ್‌ಮಲ್ ಬೇಕು ಎಂದರೆ ಅಂಗಡಿಯವನು ನಕ್ಕನಂತೆ: "ನೇಕಾರ ಆಗಿ ಬಿಡಿ ಅರಿವಿ ಕೇಳ್ತೀರೇನ್ರಿ? ಇಡೀ ತಾನು ಒಯ್ಯರಿ." ಮಲ್‌ಮಲ್ಲಿನ ಇಡೀ ತಾನನ್ನು, ಸುತ್ತಿದ ಸುರುಳಿಯನ್ನೇ, ಹೆಗಲ ಮೇಲೆ ಹೊತ್ತು ಬಂದ. ಅದು ಇನ್ನೂ ಮುಗಿದಿಲ್ಲ. ಈಗ ಯಾವುದಕ್ಕೆ ಉಪಯೋಗವಾಗುತ್ತಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಒಳಗಿನ ಆರು ದಿನಗಳು ನನ್ನಲ್ಲಿ ಒಂದೇ ದಿನವಾಗಿ ಉಳಿದಿವೆ. ಬಾಗಿಲು ಮುಚ್ಚುತ್ತದೆ. ಹಿಸ್ಸೆಂದು ಗಾಳಿ ಬರುತ್ತದೆ, ಬೆಚ್ಚಗಾಗುತ್ತದೆ. ತಲೆಯ ಹತ್ತಿರದ ಸ್ಪೀಕರಿನಲ್ಲಿ ಅವನ ದನಿ: "ಅಕ್ಕಾರ, ಹಾಲು ಕುಡಸಾಕ ಚಾಲೂ ಮಾಡ್ರಿ." ಕೂಸು ನುಂಗುತ್ತದೆ. "ಶಾಬಾಸ್. ನಮ್ಮ ಮುದುಕರು ಅಳತಾರ, ಇದು ಅಳೂದಿಲ್ಲ ನೋಡ್ರಿ." ಆಮೇಲೆ ಒಂದು ತಾಸಿಗೂ ಹೆಚ್ಚು ಅಲ್ಲಾಡದೆ ಮಲಗುವುದು. ಪಾದ ನನ್ನ ಹೊಟ್ಟೆಯ ಮೇಲಿರುತ್ತಿತ್ತು. ಕಣ್ಣು ತಗ್ಗಿಸಿದರೆ ಕಾಣುವುದು. ಎರಡನೆಯ ದಿನ ಅದು ಕೆಂಪಗಾಗಿದೆ ಎಂದುಕೊಂಡೆ. ಹೊರಗೆ ಬಂದಾಗ ಇರಲಿಲ್ಲ. ನಾಲ್ಕನೆಯ ದಿನವೂ ಹಾಗೇ. ಕೊಳವೆಯ ಬಾಗಿದ ಮೈಯಲ್ಲಿ ಬೆಳಕು ಬೇರೆ ರೀತಿ ಬೀಳುತ್ತದೆ ಎಂದು ಗಂಡ ಹೇಳಿದ. ಅವನು ಹಾಗೆ ಹೇಳಬಾರದಿತ್ತು.

ಹೊರಗಿನ ಬೆಂಚಿನಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಮುದುಕರು ಸರದಿ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಕಾಳಿನ ವ್ಯಾಪಾರಿ ಕೂಸನ್ನು ಬಗ್ಗಿ ನೋಡಿ, "ನಮ್ದು ಸರಿ, ಎಪ್ಪತ್ತು ವರ್ಷ ಅಡ್ಡಾಡಿ ಕೆಡಿಸಿಕೊಂಡೀವಿ" ಎಂದ. "ಇದು ಇನ್ನೂ ಒಂದು ಹೆಜ್ಜಿ ಇಟ್ಟಿಲ್ಲಲ್ಲೋ ಶಿವನಽ." ಆಮೇಲೆ ಅವನೇ, "ನನ್ನ ಮೊದಲು ಈ ಕೂಸನ್ನ ಬಿಡ್ರಿ" ಎಂದು ತನ್ನ ಸರದಿ ಬಿಟ್ಟುಕೊಟ್ಟ. ಪ್ರತಿದಿನ ಬಿಟ್ಟುಕೊಟ್ಟ.

ಆರನೆಯ ಸಲ ಮುಗಿದದ್ದು ಶನಿವಾರ ಮಧ್ಯಾಹ್ನ. ಅವ್ವ ಹಟ ಹಿಡಿದಳು. ಈ ಮಗ್ಗದ ಸದ್ದಿನಲ್ಲಿ ಕೂಸಿಗೂ ನಿದ್ದೆ ಇಲ್ಲ, ಬಾಣಂತಿಗೂ ಇಲ್ಲ; ಹೇಗೂ ರವಿವಾರ ರಜೆ; ಒಂದು ದಿನ ಖಾನಾಪುರಕ್ಕೆ ಹೋಗಿ ಸೋಮವಾರ ಬೆಳಿಗ್ಗೆ ನೇರ ಕೇಂದ್ರಕ್ಕೇ ಬರೋಣ ಎಂದಳು. ಅರ್ಧ ತಾಸಿನ ದಾರಿಗೆ ಯಾರೂ ಬೇಡ ಎನ್ನಲಿಲ್ಲ.

ಇಲ್ಲಿಂದ ನಿಧಾನ ಬರೆಯಬೇಕು.

ನಾನು ಹೇಳುತ್ತ ಬಂದ ರವಿವಾರ ಹೀಗಿದೆ. ನನಗೆ ಸ್ವಲ್ಪ ಜ್ವರ. ಬೆಳಿಗ್ಗೆ ಮಲಗಿಬಿಟ್ಟೆ. ಎದ್ದಾಗ ಅವ್ವ ಬಚ್ಚಲಲ್ಲಿ ಕಾಲು ಚಾಚಿ, ಮೊಣಕಾಲ ಕೆಳಗೆ ಕೂಸನ್ನು ಉದ್ದಕ್ಕೆ ಹಾಕಿಕೊಂಡು, ಎಣ್ಣೆ ತಿಕ್ಕಿ, ನೀರು ಹಾಕಿ ಮುಗಿಸಿದ್ದಳು. ಹಳೆಯ ಕಾಲದ ಹೆಂಗಸು. ರೂಢಿ ಬಿಡಲಿಲ್ಲ.

ಆದದ್ದು ಹೀಗೆ. ನನಗೆ ಜ್ವರ ಇರಲಿಲ್ಲ. ನಾನೇ ಎದ್ದು ಬಚ್ಚಲಿಗೆ ಹೋದೆ. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬೆರೆಸಿ ಬಟ್ಟಲನ್ನು ಕೆಂಡದ ಬದಿಗೆ ಇಟ್ಟಿದ್ದಳು. ನನಗಾಗಿ ಇಟ್ಟದ್ದು. "ನಿನ್ನ ತಲಿಗೆ ಒಂದು ಕೈ ಹಚ್ಚತೀನಿ, ನಾಳೆ ಶೀಗೇಕಾಯಿ ಹಾಕಿ ತೊಳಕೊಂಡು ಹೋಗು" ಎಂದಳು. ನಾನು ಕೂತೆ. ಅವಳ ಕೈ ನನ್ನ ನೆತ್ತಿಯ ಮೇಲೆ ಬಿತ್ತು. ಒಂದು ತಿಂಗಳಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದರೆ ಅದು ಸೂಜಿ ಚುಚ್ಚಲು, ಹೊಲಿಗೆ ನೋಡಲು, ಕಾಗದ ಒತ್ತಲು. ಕಣ್ಣೀರು ಬಂತೋ ಇಲ್ಲವೋ ಗೊತ್ತಿಲ್ಲ. ಬಂತು ಎಂದೇ ಇರಲಿ.

ಆಮೇಲೆ ನಾನು ಹೇಳಿದೆ: "ಕೂಸಿಗೂ ಹಚ್ಚೂಣು."

ಅವ್ವ ಕೈ ಹಿಂದೆ ತೆಗೆದಳು. "ಬ್ಯಾಡವಾ. ಆ ಸಾಹೇಬರು ಬೈತಾರ. ಹನಿ ಸೈತ ಬ್ಯಾಡ ಅಂದಾರ."

"ಇವತ್ತೊಂದಿನ. ಸಾಬೂನ ಹಚ್ಚಿ ತೊಳದ್ರ ಹೋಗತೈತಿ."

"ನಾ ಹಚ್ಚೂದಿಲ್ಲ. ನನಗ ಅಂಜಿಕಿ ಬರತೈತಿ."

ಬಟ್ಟಲು ತೆಗೆದುಕೊಂಡವಳು ನಾನು. ಕಾಲು ಚಾಚಿ ಕೂಸನ್ನು ಹಾಕಿಕೊಂಡವಳು ನಾನು. ಎದೆ, ಬೆನ್ನು, ನೆತ್ತಿ. ಬಲಗಾಲು. ಆಮೇಲೆ ಎಡಗಾಲು. ಅದನ್ನು ತಿಕ್ಕಬಾರದು ಎಂದು ಡಾಕ್ಟರು ಮೊದಲ ವಾರವೇ ಹೇಳಿದ್ದರು. ತಿಕ್ಕಲಿಲ್ಲ, ಬರೀ ಸವರಿದೆ. ತಿಂಗಳಿಂದ ಆ ಪಾದವನ್ನು ನಾನು ಬರಿಗೈಯಿಂದ ಹಿಡಿದೇ ಇರಲಿಲ್ಲ. ಎಣ್ಣೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು, ಸ್ವಲ್ಪ ಹೊತ್ತಿಗೆ ಎರಡರ ನಡುವೆ ಫರಕು ತಿಳಿಯಲಿಲ್ಲ. ಎಣ್ಣೆಯ ಹೊಳಪಿನಲ್ಲಿ ನಡುಬೆರಳಿನ ಬುಡ ಕೆಂಪಗೆ ಕಂಡಿತು. ಆರು ದಿನ ಕೊಳವೆಯಲ್ಲಿ ಬಾರದ ಕೆಂಪು ನನ್ನ ಕೈಯಿಂದ ಬಂತು ಎಂದುಕೊಂಡೆ. ಅರ್ಧ ತಾಸು ನಾನು ಅದನ್ನು ನಂಬಿದೆ. ಆ ಇಡೀ ತಿಂಗಳಿನಲ್ಲಿ ನಾನು ಏನನ್ನಾದರೂ ಪೂರಾ ನಂಬಿದ್ದು ಆ ಅರ್ಧ ತಾಸು ಮಾತ್ರ.

ಅವ್ವ ಚೊಂಬಿನಿಂದ ನೀರು ಹಾಕಿದಳು. ಅಷ್ಟೇ ಅವಳ ಪಾಲು. ಆಮೇಲೆ ಲೋಬಾನದ ಹೊಗೆ, ಹಣೆಯ ಬದಿಗೆ ದೃಷ್ಟಿಯ ಬೊಟ್ಟು. ಕೂಸು ಆ ಮಧ್ಯಾಹ್ನ ನಾಲ್ಕು ತಾಸು ಮಲಗಿತು. ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಇಬ್ಬರಿಗೂ ಸಾಬೂನು ಹಚ್ಚಿ ಎರಡು ಸಲ ತೊಳೆದೆ. ಕೇಂದ್ರದಲ್ಲಿ ಗಂಡ ನಮಗಾಗಿ ಕಾಯುತ್ತಿದ್ದ. ಆ ಮನುಷ್ಯ ಕಾಗದ ತೆಗೆದುಕೊಂಡ. ನನ್ನ ಹಣೆಗೆ ಒತ್ತಿದ. ಬೆಳಕಿಗೆ ಹಿಡಿದ. ನನ್ನ ಅಂಗೈಗೆ. ಕೂಸಿನ ಕುತ್ತಿಗೆಯ ಮಡಿಕೆಗೆ. ಆಮೇಲೆ ಪಾದಕ್ಕೆ, ಬಹಳ ಹಗುರಾಗಿ. ಆ ಚೂರನ್ನು ಬೆಳಕಿಗೆ ಹಿಡಿದಾಗ ಅದರ ಹಿಂದಿನ ಅವನ ಹೆಬ್ಬೆರಳಿನ ಗೆರೆಗಳು ನನಗೆ ಕಂಡವು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಯಾರು ಹಚ್ಚಿದ್ರಿ ಇದನ್ನ?" ಎಂದ.

ನಾನು ಬಾಯಿ ತೆರೆದೆ. ಹಾಗೆಂದು ಈಗ ಬರೆಯುತ್ತಿದ್ದೇನೆ, ಖಾತ್ರಿ ಇಲ್ಲ. ಅವ್ವ ಮುಂದೆ ಬಂದಳು.

"ನಾನಽ ರೀ ಸಾಹೇಬರ. ಹಳೇ ಮಂದಿ, ತಿಳೀಲಿಲ್ಲ."

ಗಂಡ ಅವಳ ಕಡೆ ನೋಡಿದ. ಆ ನೋಟ ನನ್ನ ಮೇಲೆ ಬೀಳಬೇಕಾದದ್ದು. ನಾನು ಸುಮ್ಮನಿದ್ದೆ. ಆ ಮನುಷ್ಯ ಅವ್ವನ ಅಂಗೈಗೆ ಕಾಗದ ಒತ್ತಲಿಲ್ಲ. ಅವಳ ಮಾತನ್ನೇ ನಂಬಿದ. ಬಾಯಿ ಮಾತನ್ನು ಅವನು ನಂಬಿದ್ದು ಅದೊಂದೇ ಸಲ.

ಬಿಸಿನೀರು ತರಿಸಿದ. ನರ್ಸು ತೊಳೆದಳು, ನಾನು ತೊಳೆದೆ. ನನ್ನ ಮೈ, ಕೂಸಿನ ಮೈ ಒಂದು ತಾಸಿನಲ್ಲಿ ಶುದ್ಧವಾದವು. ಪಾದ ಆಗಲಿಲ್ಲ. ಔಡಲ ಎಣ್ಣೆ ಅಂಟು. ಬೆರಳ ಸಂದಿಗಳಲ್ಲಿ ಚರ್ಮ ಒದ್ದೆಯಾಗಿ ಏಳತೊಡಗಿತ್ತು. ನರ್ಸು ಡಾಕ್ಟರಿಗೆ ಫೋನು ಮಾಡಿದಳು, ತಿಕ್ಕಬೇಡಿ ಎಂದರು.

"ತಿಕ್ಕಿದ್ರ ಚರ್ಮ ಬರತೈತಿ" ಎಂದ ಅವನು. "ತಿಕ್ಕದಿದ್ರ ಎಣ್ಣಿ ಹೋಗೂದಿಲ್ಲ. ನಾ ಒಳಗ ಬಿಡಾಕ ಬರೂದಿಲ್ಲ ಅಕ್ಕಾರ. ನಾಳೆ ಬರ್ರಿ."

ಮಂಗಳವಾರ ಬಂದೆವು. ಕಾಗದ ಇನ್ನೂ ಕಲೆ ಹಿಡಿಯಿತು. ಬೆಂಚಿನ ಮೇಲಿದ್ದ ಕಾಳಿನ ವ್ಯಾಪಾರಿ ಸರದಿ ಬಿಟ್ಟುಕೊಡಲು ಎದ್ದವನು ಮತ್ತೆ ಕೂತ. ಬುಧವಾರ ಒಳಗೆ ಬಿಟ್ಟ. ಅಂದು ಕಣ್ಣು ತಗ್ಗಿಸಿ ನೋಡಿದಾಗ ಪಾದದ ಮೇಲೆ ಒಂದು ಗೆರೆ ಇತ್ತು. ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಮೈ ತಾನೇ ಒಂದು ಗೆರೆ ಎಳೆಯುತ್ತದೆ, ಅದು ಎಲ್ಲಿ ಬೀಳುತ್ತದೋ ಕಾದು ನೋಡಬೇಕು ಎಂದು ಡಾಕ್ಟರು ಹೇಳಿದ್ದರು. ಐದೂ ಬೆರಳಿನ ಹಿಂದೆ ಬಿದ್ದಿತ್ತು. ಗೆರೆಯ ಈಚೆ ಕೂಸಿನ ಚರ್ಮ. ಆಚೆಯದು ಒಣಗತೊಡಗಿತ್ತು. ಸ್ಪೀಕರಿನಲ್ಲಿ ಅವನು ಹಾಲು ಕುಡಿಸಲು ಹೇಳಿದ. ಕುಡಿಸಿದೆ.

ಉಳಿದ ಮೂರು ಸಲವನ್ನೂ ಮುಗಿಸಿದೆವು. ಯಾಕೆ ಎಂದು ಯಾರೂ ಕೇಳಲಿಲ್ಲ.

ಡಾಕ್ಟರು ನೋಡಿ, ಪೆನ್ನಿನ ಮುಚ್ಚಳ ಹಾಕಿ, "ಎರಡು ದಿನದಿಂದ ಆಗಿದ್ದಲ್ಲ ಇದು" ಎಂದರು. "ಅಷ್ಟರಾಗಽ ಒಳಗ ಸತ್ತಿತ್ತು, ಹೊರಗ ಕಂಡಿರಲಿಲ್ಲ ಅಷ್ಟಽ. ಯಾರನ್ನೂ ಬೈಬ್ಯಾಡ್ರಿ." ಆಕೆ ಸತ್ಯವಂತೆ. ಮೊದಲ ದಿನ ಸುಳ್ಳು ಭರವಸೆ ಕೊಡದವರು ಆಮೇಲೆ ಸುಳ್ಳು ಸಮಾಧಾನವನ್ನೂ ಕೊಟ್ಟಿರಲಿಕ್ಕಿಲ್ಲ. ಹೀಗೆ ನಾನು ಲೆಕ್ಕ ಹಾಕುತ್ತೇನೆ. ಕೆಲವು ದಿನ ಅದು ಸರಿ ಬರುತ್ತದೆ.

ಬೆರಳುಗಳು ಕಪ್ಪಗೆ ಒಣಗಿ, ಎರಡು ತಿಂಗಳಲ್ಲಿ ಒಂದೊಂದಾಗಿ ತಾವೇ ಹೋದವು. ಉಳಿದದ್ದನ್ನು ಡಾಕ್ಟರು ಸರಿಮಾಡಿ ಹೊಲಿದರು. ಒಂದನ್ನು ನಾನು ಮಲ್‌ಮಲ್ಲಿನ ಮಡಿಕೆಯಲ್ಲಿ ನೋಡಿದೆ. ಅದರ ಬಗ್ಗೆ ಬರೆಯುವುದಿಲ್ಲ.

ಮನೆಯಲ್ಲಿ ಕಥೆ ನೆಲೆಯೂರಿತು. ಅವ್ವ ವಡಗಾವಿಗೆ ಬಂದಾಗಲೆಲ್ಲ ಅತ್ತೆ ಹೊಸ್ತಿಲಲ್ಲೇ ನಗುತ್ತ, "ಬೀಗತಿ, ಕೈ ತೊಳಕೊಂಡು ಬರ್ರಿ ಮತ್ತ" ಎನ್ನುವರು. ಅವ್ವನೂ ನಗುತ್ತಿದ್ದಳು. ನಳದ ಕೆಳಗೆ ಕೂತು, ಸಾಬೂನು ಹಚ್ಚಿ, ಮೊಣಕೈವರೆಗೂ ತೊಳೆದು, ಸೆರಗಿಗೆ ಒರಸಿಕೊಂಡು, ಎರಡೂ ಅಂಗೈ ತೋರಿಸಿ ಒಳಗೆ ಬರುವಳು. ಅತ್ತೆಯದು ಚೇಷ್ಟೆ, ಚೇಷ್ಟೆಯಷ್ಟೇ ಅಲ್ಲ ಎನ್ನುವುದು ಮೂವರಿಗೂ ಗೊತ್ತು. ಅವ್ವ ಬರುವುದು ಕಡಿಮೆಯಾಯಿತು. ನಾನು ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದೆ.

ಈ ವರ್ಷ ಮಗಳು ಶಾಲೆಗೆ ಸೇರಿದಳು. ಶಾಲೆಗೆ ಬೂಟು ಬೇಕು. ಎಡ ಬೂಟಿನ ಮುಂಭಾಗ ಖಾಲಿ ಉಳಿಯುತ್ತದೆ, ನಡೆದರೆ ಮಡಚಿ ಎಡವುತ್ತಾಳೆ. ಅದಕ್ಕೆ ಆ ತಾನಿನ ಮಲ್‌ಮಲ್ ಹರಿದು, ಉಂಡೆ ಮಾಡಿ, ಬೂಟಿನ ತುದಿಗೆ ತುರುಕುತ್ತೇವೆ. ಈಗ ಅವಳೇ ತುರುಕಿಕೊಳ್ಳಲು ಕಲಿತಿದ್ದಾಳೆ.

ಶಾಲೆ ಶುರುವಾಗುವ ಮುನ್ನ ಖಾನಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಬಚ್ಚಲ ಮುಂದೆ ಅವ್ವ ಅವಳಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ, ಬೆನ್ನು, ಕೈ. ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಎಳೆದು ನೆಟಿಕೆ ತೆಗೆದಳು. ಮಗಳು ಕಿಲಕಿಲ ನಕ್ಕು ಎಡಗಾಲನ್ನು ತೊಡೆಯ ಮೇಲೆ ಇಟ್ಟಳು.

"ಅಜ್ಜಿ, ಇದಕ್ಕ?"

ಅವ್ವ ಕೈಯಲ್ಲಿದ್ದ ಎಣ್ಣೆಯನ್ನು ತನ್ನ ಮೀನಖಂಡಕ್ಕೆ ಸವರಿಕೊಂಡಳು. "ಅದಕ್ಕ ನಿಮ್ಮವ್ವ ಹಚ್ಚತಾಳ. ನಾ ಅದನ್ನ ಮುಟ್ಟೂದಿಲ್ಲ ಕೂಸಽ."

ನಾನು ಹತ್ತಿರ ಹೋಗಿ ಕೂತೆ. ಐದು ವರ್ಷ ಕಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. "ಅವ್ವಾ, ಅವತ್ತು ಹಚ್ಚಿದಾಕಿ ನಾನು. ನೀ ಬ್ಯಾಡ ಅಂದಿ. ನಾನಽ ಬಟ್ಟಲಾ ಕಸಗೊಂಡೆ. ನೀ ನನ್ನ ಸಲುವಾಗಿ ಹೇಳಿದಿ, ನಾ ಸುಮ್ಮನಾದೆ."

ಅವಳು ಅಳಬಹುದು, ಬೈಯಬಹುದು, ಗೊತ್ತಿತ್ತು ಬಿಡು ಎನ್ನಬಹುದು ಎಂದುಕೊಂಡಿದ್ದೆ. ನನಗೇನೋ ಆಗಿದೆ ಎನ್ನುವ ಹಾಗೆ ನನ್ನ ಹಣೆ ಮುಟ್ಟಿ ನೋಡಿದಳು.

"ನೀ ಎಲ್ಲಿ ಹಚ್ಚಿದಿಯವಾ? ನಿನಗ ಜ್ವರ ಇತ್ತು, ಒಳಗ ಮಕ್ಕೊಂಡಿದ್ದಿ. ನಾನಽ ಹಚ್ಚಿದ್ದು. ಇಲ್ಲೇ ಕುಂತಿದ್ದೆ. ನಡುಬೆರಳಿನ ಬುಡಕ್ಕ ಕೆಂಪಗಾದಂಗ ಕಾಣಿಸ್ತು, ನನಗೆಷ್ಟು ಖುಷಿ ಆತು ಅಂತಿ! ಹುಚ್ಚಿ ನಾನು."

ಆ ಕೆಂಪನ್ನು ನಾನು ಯಾರಿಗೂ ಹೇಳಿಲ್ಲ. ಅವತ್ತು ಬಚ್ಚಲಲ್ಲಿ ಕೂಗಿ ಹೇಳಿರಬೇಕು, ಅವಳು ಕೇಳಿಸಿಕೊಂಡಿರಬೇಕು. ಬರೀ ತಪ್ಪನ್ನಲ್ಲ, ಅದರೊಳಗಿನ ಆ ಅರ್ಧ ತಾಸಿನ ಸಂತೋಷವನ್ನೂ ಸೇರಿಸಿ ಅವಳು ನನ್ನಿಂದ ತೆಗೆದುಕೊಂಡಿದ್ದಾಳೆ. ಐದು ವರ್ಷ ಪ್ರತಿ ಹೊಸ್ತಿಲಲ್ಲಿ ಕೈ ತೊಳೆದು ತೊಳೆದು ಅದು ಅವಳದೇ ಆಗಿದೆ. ನಾನು ಮತ್ತೆ ಹೇಳಿದೆ. "ಹೋಗು, ನನ್ನ ಮ್ಯಾಲಿಂದು ನೀ ಯಾಕ ಹೊತ್ಕೋತಿ" ಎಂದಳು, ಬೇಸರದಿಂದ, ಮತ್ತು ಎದ್ದು ಹೋದಳು.

ವಡಗಾವಿಗೆ ಬಂದು ಅತ್ತೆಗೂ ಗಂಡನಿಗೂ ಹೇಳಿದೆ. ಅತ್ತೆ ತರಕಾರಿ ಹೆಚ್ಚುತ್ತ, "ಹೆತ್ತ ತಾಯಿ, ಕರುಳು ಚುರ್ ಅಂತೈತಿ, ನಿನಗ ಹಂಗ ಅನಸೂದಽ" ಎಂದರು. ಗಂಡ ಮಗ್ಗ ನಿಲ್ಲಿಸದೆಯೇ ಕೇಳಿದ. ಪೂರಾ ಕೇಳಿಸಿತೋ ಇಲ್ಲವೋ. "ಆತು ಬಿಡು, ಯಾರು ಹಚ್ಚಿದ್ರೂ ಅಷ್ಟಽ" ಎಂದ. ಅಷ್ಟೇ ಹೌದು. ಬೆರಳಿನ ಮಟ್ಟಿಗೆ ಅಷ್ಟೇ. ಅವ್ವನ ಮಟ್ಟಿಗೆ ಅಲ್ಲ.

ಶಾಲೆಯ ಮೊದಲ ವಾರ. ಬೂಟು ಬಿಚ್ಚಿ ಒಳಗೆ ಹೋಗುವ ಜಾಗದಲ್ಲಿ ಇನ್ನೊಂದು ಮಗುವಿನ ತಾಯಿ ನಮ್ಮ ಪಕ್ಕ ನಿಂತಿದ್ದಳು. ಮಗಳ ಪಾದ ನೋಡಿದಳು, ಕಣ್ಣು ತೆಗೆದಳು, ಮತ್ತೆ ನೋಡಿದಳು. "ಏನಾಗಿತ್ರೀ?" ಎಂದು ಕೇಳಿದಳು, ಒಳ್ಳೆಯ ದನಿಯಲ್ಲೇ.

ಐದು ವಾಕ್ಯ ಶುರುಮಾಡಿದೆ. ದಿನ ತುಂಬುವ ಮೊದಲೇ ಹುಟ್ಟಿದ್ದು. ರಕ್ತ ಹೆಪ್ಪುಗಟ್ಟಿದ್ದು. ಆಕ್ಸಿಜನ್ನಿನ ಕೊಳವೆ. ನಾಲ್ಕನೆಯದಕ್ಕೆ ಬಂದು, "ನಡುವ ನಾನು ಎಣ್ಣಿ ಹಚ್ಚಿಬಿಟ್ಟೆ, ಎರಡು ದಿನ ತಪ್ಪಿದ್ವು" ಎಂದೆ.

ಮಗಳು ನೆಲದ ಮೇಲೆ ಕೂತು, ಬಿಚ್ಚಿದ ಬೂಟಿನಿಂದ ಮಲ್‌ಮಲ್ಲಿನ ಉಂಡೆ ಹೊರಗೆಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀ ಅಲ್ಲಽ" ಎಂದಳು. "ಅಜ್ಜಿ ಹಚ್ಚಿದ್ಲು."

ಆ ತಾಯಿ ನನ್ನನ್ನು ನೋಡಿ, ಮಗಳನ್ನು ನೋಡಿ, ಅರ್ಥವಾದವಳಂತೆ ತಲೆಯಾಡಿಸಿದಳು. ಮಗಳು ಉಂಡೆಯನ್ನು ಕೈಯಲ್ಲಿ ಬಿಗಿಯಾಗಿ ಹಿಚುಕಿ ಗುಂಡಗೆ ಮಾಡಿ, ಸಂಜೆಗೆ ಬೇಕೆಂದು ಬೂಟಿನೊಳಗೇ ಮತ್ತೆ ಇಟ್ಟು, ಒಳಗೆ ಹೋದಳು.